ಹೊಟ್ಟೆ ತುಂಬಿದ ಮೀನು

"ಪ್ಲಾಸ್ಟಿಕ್ ಬಿಚ್ಚು. ಬಟ್ಟೆ ಕೊಡವು, ಕಳ್ಳ ಮುಂಡೆ."

ಮೇಸ್ತ್ರಿ ಇದನ್ನು ಹೇಳಿದ್ದು ಮೀನು ಕೊಯ್ಯುವ ಹನ್ನೊಂದು ಹೆಂಗಸರ ಎದುರಿಗೆ. ನನ್ನ ಕೈ ಇನ್ನೂ ಮೀನಿನ ಹೊಟ್ಟೆಯೊಳಗಿತ್ತು. ಎದ್ದು ನಿಂತು, ಸೊಂಟಕ್ಕೆ ಕಟ್ಟಿಕೊಂಡಿದ್ದ ಪ್ಲಾಸ್ಟಿಕ್ ಹಾಳೆ ಬಿಚ್ಚಿ ಕೊಡವಿದೆ. ಒಂದಷ್ಟು ಮೀನಿನ ಹುರುಪೆ ಉದುರಿತು.

"ಇನ್ನೂ ಒಳಗೆ."

"ಒಳಗೆ ನನ್ನ ಮೈ ಇದೆ ಮೇಸ್ತ್ರಿ."

"ಅಲ್ಲೇ ಅಲ್ವೇನೇ ನೀವೆಲ್ಲ ಬಚ್ಚಿಟ್ಕೊಳ್ಳೋದು."

ಯಾರೋ ಕಿಸಕ್ಕೆಂದರು. ಪಕ್ಕದಲ್ಲಿದ್ದ ನನ್ನ ನಾದಿನಿ, ತೀರಿಹೋದ ನನ್ನ ಗಂಡನ ಒಡಹುಟ್ಟಿದ ತಂಗಿ, ತಲೆ ಎತ್ತಲಿಲ್ಲ.

ಕಳವಾಗಿದ್ದು ಮೀನಿನ ಮೊಟ್ಟೆ. ಈ ಕೆರೆಯ ಮೀನಿಗಿಂತ ಅದರ ಮೊಟ್ಟೆಗೇ ಗಿರಾಕಿ ಹೆಚ್ಚು. ಹೊಟ್ಟೆ ಉಬ್ಬಿದ ಮೀನನ್ನೆಲ್ಲ ಮೇಸ್ತ್ರಿ ದಿನಾ ಬೆಳಿಗ್ಗೆ ಬೇರೆ ಬುಟ್ಟಿಗೆ ಹಾಕಿಸುತ್ತಾನೆ. ಒಂದು ಬುಟ್ಟಿ ಮೀನಿಗೆ ಒಂದು ತಟ್ಟೆ ತುಂಬ ಮೊಟ್ಟೆ ಬರಬೇಕು. ಈ ವರ್ಷ ಅರ್ಧ ತಟ್ಟೆಯೂ ಬರುತ್ತಿರಲಿಲ್ಲ. ಯಾಕೆಂದು ಕೊಯ್ಯುವ ನಮಗೆಲ್ಲ ಗೊತ್ತಿತ್ತು, ಮೇಸ್ತ್ರಿಗೂ ಗೊತ್ತಿತ್ತು. ಹೊಟ್ಟೆ ಉಬ್ಬಿಸಿದ್ದು ಮೊಟ್ಟೆಯಲ್ಲ, ಹುಳ. ಬಿಳಿ, ಚಪ್ಪಟೆ, ಗೇಣುದ್ದ. ಹೊರಗೆ ಎಳೆದ ಮೇಲೂ ಅಂಗೈಯಲ್ಲಿ ಹೊರಳುತ್ತದೆ. ಅದು ಹೊಕ್ಕ ಮೀನಿನಲ್ಲಿ ಮೊಟ್ಟೆ ಕಟ್ಟುವುದೇ ಇಲ್ಲ.

ಮೊದಲ ಹುಳ ಸಿಕ್ಕ ದಿನವೇ ಮೇಸ್ತ್ರಿ ಹೇಳಿದ್ದ: "ಹುಳ ಅನ್ನೋ ಮಾತು ಈ ಬಾಗಿಲು ದಾಟಿದ್ರೆ ಹಲ್ಲು ಉದುರಿಸ್ತೀನಿ. ಧಣಿ ಕಿವಿಗಂತೂ ಬೀಳಲೇಬಾರದು." ಇದು ಬಂಗಾರದಂಥ ಕೆರೆ ಎಂದು ನಂಬಿಸಿ ಧಣಿಯ ಕೈಲಿ ಗುತ್ತಿಗೆ ಹಿಡಿಸಿದವನೇ ಅವನು. ನಾವೂ ಸಿಕ್ಕ ಹುಳವನ್ನೆಲ್ಲ ಶೆಡ್ಡಿನ ಹಿಂದಿನ ಗುಂಡಿಗೆ ಸುರಿದು ಮೇಲೆ ಸುಣ್ಣ ಎರಚಿದೆವು. ನಾಳೆ ನಮಗೆ ಸಾಕ್ಷಿ ಆಗಬೇಕಾದದ್ದನ್ನು ನಮ್ಮ ಕೈಯಾರೆ ಹೂಳಿದೆವು. ಹೇಳಿದ ಮಾತು ಕೇಳುವುದರಲ್ಲಿ ನಮ್ಮಂಥ ದಡ್ಡರು ಇನ್ನೆಲ್ಲೂ ಸಿಗಲಿಕ್ಕಿಲ್ಲ.

ಮೊಟ್ಟೆ ಎಲ್ಲಿ ಹೋಯಿತು ಎಂದು ಧಣಿ ಕೇಳಿಕಳಿಸಿದ. ಮೇಸ್ತ್ರಿಗೆ ತುರ್ತಾಗಿ ಒಬ್ಬ ಕಳ್ಳಿ ಬೇಕಾದಳು. ನಾನು ಎಡಚಿ, ಎಲ್ಲರೂ ಕರೆಯುವುದೂ ಹಾಗೆಯೇ. ಮೊಣಕೈ ಪಕ್ಕದವರಿಗೆ ತಾಗದಿರಲೆಂದು ಸಾಲಿನ ಕೊನೆಗೆ ಕೂರುತ್ತೇನೆ, ತಟ್ಟೆಯನ್ನು ಗೋಡೆಯ ಕಡೆ ಇಟ್ಟುಕೊಳ್ಳುತ್ತೇನೆ. ಅದರಲ್ಲಿ ಏನು ಬೀಳುತ್ತದೆ ಎಂದು ಯಾರಿಗೂ ಕಾಣುವುದಿಲ್ಲ. ಗೂಬೆ ಕೂರಿಸಲು ನನ್ನ ತಲೆಯೇ ಎಲ್ಲಕ್ಕಿಂತ ಅನುಕೂಲವಾಗಿತ್ತು.

"ಮೀನೊಳಗೆ ಏನಿತ್ತು ಅಂತ ಒಬ್ಬರಾದ್ರೂ ಹೇಳ್ರೇ," ಅಂದೆ. ಹನ್ನೊಂದು ಚೂರಿಗಳು ಕೊಯ್ಯುತ್ತಲೇ ಇದ್ದವು.

ಗಂಡ ಸತ್ತಾಗಿನಿಂದ ನಾನಿರುವುದು ನಾದಿನಿಯ ಮನೆಯಲ್ಲಿ. ಆ ಸಂಜೆ ನನ್ನ ಚಾಪೆ, ಟ್ರಂಕು ಎರಡೂ ಜಗಲಿಗೆ ಬಂದಿದ್ದವು.

"ಬೇಜಾರು ಮಾಡ್ಕೋಬೇಡಿ ಅತ್ತಿಗೆ. ಕಳ್ಳೀನ ಮನೇಲಿ ಇಟ್ಕೊಂಡಿದ್ದಾಳೆ ಅಂತ ನನ್ನನ್ನೂ ಓಡಿಸ್ತಾರೆ."

"ನಾನು ಕಳ್ಳೀನೇನೇ?"

"ಅಲ್ಲ ಅಂತ ಗೊತ್ತು."

"ಅದನ್ನೇ ಅಲ್ಲಿ ಹೇಳು."

"ಹುಳ ಅಂದ್ರೆ ಶೆಡ್ಡಿಗೆ ಬೀಗ ಬೀಳುತ್ತೆ. ಇಷ್ಟೂ ಜನರ ಹೊಟ್ಟೆ ಮೇಲೆ ಹೊಡೀಬೇಡಿ." ಅನ್ನದ ತಟ್ಟೆ ತಂದು ಮೆಟ್ಟಿಲ ಮೇಲಿಟ್ಟು ಒಳಗೆ ಹೋಗಿ ಚಿಲಕ ಹಾಕಿಕೊಂಡಳು. ಅವಳೇನೂ ಕೆಟ್ಟವಳಲ್ಲ, ಅದಕ್ಕೇ ನನಗೆ ಹೆಚ್ಚು ಅಳು ಬಂತು.

ಮರುದಿನದಿಂದ ಮೇಸ್ತ್ರಿ ನನ್ನನ್ನು ಸಾಲಿನಿಂದ ಎಬ್ಬಿಸಿ, ತನ್ನ ಕುರ್ಚಿಯ ಎದುರಿಗೆ, ಬಾಗಿಲ ಬಳಿ ಒಬ್ಬಳನ್ನೇ ಕೂರಿಸಿದ. ಸಾಣೆಕಲ್ಲು ಕೇಳಿದರೆ ಕೈಗೆ ಕೊಡುತ್ತಿರಲಿಲ್ಲ, ಕಾಲಲ್ಲಿ ನೂಕುತ್ತಿದ್ದರು. ನಾನು ನಲ್ಲಿಗೆ ಹೋದರೆ ಅಲ್ಲಿದ್ದವರಿಗೆಲ್ಲ ಒಮ್ಮೆಗೇ ಬೇರೆ ಕೆಲಸ ನೆನಪಾಗುತ್ತಿತ್ತು. ಬೈದಿದ್ದರೂ ಆಗುತ್ತಿತ್ತು, ತಿರುಗಿ ಬೈಯಬಹುದಿತ್ತು. ಒಂದು ದಿನ ಬುಟ್ಟಿ ಇಳಿಸಲು ಬಂದ ದೋಣಿಯವನು ಹೇಳಿದ: "ಇವನ್ನ ಹಿಡಿಯೋಕೆ ಬಲೆ ಬೇಕಾಗಿಲ್ಲ ಎಡಚಮ್ಮ. ಹುಳ ಬಿದ್ದ ಮೀನು ಗುಂಪಲ್ಲಿ ಇರಲ್ಲ. ಒಂಟಿಯಾಗಿ ಮೇಲೆ ಬಂದು ಅಲ್ಲೇ ಸುಳೀತಾ ಇರುತ್ತೆ. ಕೈಲೇ ಎತ್ಕೋಬಹುದು." ಆ ವಾರ ಶೆಡ್ಡಿನಲ್ಲಿ ನನ್ನ ಜೊತೆ ಮಾತಾಡಿದವನು ಅವನೊಬ್ಬನೇ. ಅವನು ಹೋದ ಮೇಲೂ ಆ ಮಾತನ್ನು ಮನಸ್ಸಿನಲ್ಲೇ ಎಷ್ಟೋ ಸಲ ಆಡಿಸಿಕೊಂಡೆ.

ಧಣಿ ಬರುವ ದಿನ ಗೊತ್ತಾಯಿತು. ಪಟ್ಟಣದ ವ್ಯಾಪಾರಿಯೂ ಜೊತೆಗೆ ಬರುತ್ತಾನಂತೆ. ಅವರ ಮುಂದೆಯೇ ನನ್ನನ್ನು ಹೊರಗೆ ಹಾಕುತ್ತೇನೆಂದು ಮೇಸ್ತ್ರಿ ಸಾರಿದ್ದ. ಹಾಗೆ ಹೊರಬಿದ್ದವಳನ್ನು ಇನ್ನು ಯಾವ ಶೆಡ್ಡೂ ಸೇರಿಸುವುದಿಲ್ಲ. ಕೂಲಿ ಇಲ್ಲದಿದ್ದರೆ ಜಗಲಿಯೂ ಇರುವುದಿಲ್ಲ, ಬದುಕಿರುವವರೆಗೂ ನಾನು ಕಳ್ಳಿಯೇ.

ಅವತ್ತು ಮೇಸ್ತ್ರಿಯ ಕಣ್ಣು ನನ್ನ ಮೇಲಿರಲಿಲ್ಲ. ಧಣಿಗೆ ಕುರ್ಚಿ ಒರೆಸುವುದರಲ್ಲಿ, ಹಲ್ಲು ಗಿಂಜುವ ಅಭ್ಯಾಸ ಮಾಡುವುದರಲ್ಲಿ ಅವನಿಗೆ ಪುರುಸೊತ್ತಿರಲಿಲ್ಲ. ನಾನು ಗುಂಡಿಯ ಕಡೆ ಹೋಗಲೇ ಇಲ್ಲ. ಎಳೆದ ಹುಳವನ್ನೆಲ್ಲ ತಟ್ಟೆಯಲ್ಲೇ ಬಿಟ್ಟು ಮೇಲೆ ಒದ್ದೆ ಗೋಣಿ ಮುಚ್ಚಿದೆ.

"ಇವಳೇ ಕಳ್ಳಿ, ಧಣಿ," ಎಂದ ಮೇಸ್ತ್ರಿ, ಅವರಿಬ್ಬರೂ ಒಳಗೆ ಬರುತ್ತಿದ್ದಂತೆ.

ಧಣಿ ಮೂಗಿಗೆ ಕರವಸ್ತ್ರ ಹಿಡಿದಿದ್ದ. "ಎಷ್ಟು ದಿನದಿಂದ ತಿಂತಿದ್ದೀಯೇ ನನ್ನ ಮೊಟ್ಟೇನ? ಮೈ ನೋಡು, ನಾಯಿ ಕೂಡ ಮೂಸಲ್ಲ."

ತಟ್ಟೆ ಎತ್ತಿಕೊಂಡು ಹೋಗಿ ವ್ಯಾಪಾರಿಯ ಪಕ್ಕದ ತಕ್ಕಡಿಯ ಮೇಲಿಟ್ಟು ಗೋಣಿ ಸರಿಸಿದೆ. ಬಿಳಿ ರಾಶಿ ಮೆಲ್ಲಗೆ ಮಿಸುಕಾಡಿತು.

"ತೂಗಿ ಧಣಿ. ಒಂದು ಬುಟ್ಟಿ ಮೀನಿಂದು. ಇವತ್ತು ತಟ್ಟೆ ತುಂಬಿದೆ."

ವ್ಯಾಪಾರಿ ಎರಡು ಹೆಜ್ಜೆ ಹಿಂದೆ ಸರಿದ, ಆಮೇಲೆ ತಿರುಗಿ ತನ್ನ ವ್ಯಾನಿನ ಕಡೆಗೆ ನಡೆದುಬಿಟ್ಟ. ಧಣಿ ಮೇಸ್ತ್ರಿಯನ್ನು ನೋಡಿದ, ಮೇಸ್ತ್ರಿ ನೆಲ ನೋಡಿದ. ಧಣಿ ನನ್ನ ಹತ್ತಿರ ಬಂದು, ನನಗೊಬ್ಬಳಿಗೇ ಕೇಳುವ ಹಾಗೆ ಹೇಳಿದ: "ಆಯ್ತು, ನೀನು ಕದ್ದಿಲ್ಲ. ಮುಚ್ಚು ಅದನ್ನ. ಮುಚ್ಚಿಟ್ಟು ಮನೆಗೆ ಹೋಗು."

"ಜೋರಾಗಿ ಹೇಳಿ ಧಣಿ. ಬೈದಿದ್ದು ಜೋರಾಗೇ ಇತ್ತು."

"ಧಣಿಗೇ ಎದುರು ಮಾತಾಡ್ತೀಯಾ, ಬೇವರ್ಸಿ," ಎಂದು ಮೇಸ್ತ್ರಿ ಕೈ ಎತ್ತಿದ. ನನ್ನ ಎಡಗೈಯಲ್ಲಿ ಚೂರಿ ಹಾಗೆಯೇ ಇತ್ತು. ಅದನ್ನು ನೋಡಿ ಕೈ ಇಳಿಸಿದ.

ಹೊರಗೆ ವ್ಯಾನು ಹೊರಟ ಸದ್ದಾಯಿತು. ಹೆಂಗಸರು ಒಬ್ಬೊಬ್ಬರಾಗಿ ಎದ್ದು ಚೂರಿ ತೊಳೆದುಕೊಂಡರು. "ನಮ್ಮನ್ನೆಲ್ಲ ಹಾಳು ಮಾಡಿಬಿಟ್ರಲ್ಲ ಅತ್ತಿಗೆ," ಎಂದು ನಾದಿನಿ ಅಳುತ್ತಾ ಹೋದಳು. ಉಳಿದವರು ಅವಳ ಹಿಂದೆಯೇ ಹೊರಟರು. ಒಬ್ಬಳಾದರೂ ನಿಲ್ಲುತ್ತಾಳೆಂದು ಬಾಗಿಲು ನೋಡಿದೆ. ಯಾರೂ ನಿಲ್ಲಲಿಲ್ಲ.

ನಾನು ಹೋಗಿ ಕೂತು ಬುಟ್ಟಿ ಎಳೆದುಕೊಂಡೆ.

"ಏನು ಮಾಡ್ತಿದ್ದೀಯೇ?" ಎಂದ ಧಣಿ.

"ನೀವು ಜೋರಾಗಿ ಹೇಳೋವರೆಗೂ ಕೊಯ್ತೀನಿ."

ಅವನು ಕರವಸ್ತ್ರವನ್ನು ಮೂಗಿಗೆ ಇನ್ನಷ್ಟು ಒತ್ತಿಕೊಂಡ. ಒಂದು ಮೀನಿನ ಹೊಟ್ಟೆ ಸೀಳಿ, ಒಳಗಿದ್ದದ್ದನ್ನು ಎಳೆದು ಅವನ ಬೂಟಿನ ಮುಂದೆ ಹಾಕಿದೆ. ಆಮೇಲೆ ಇನ್ನೊಂದು ಮೀನು ಎತ್ತಿಕೊಂಡೆ.