ಅದು ನನ್ನ ಔಷಧಿ ಅಲ್ಲ

ಮಗಳನ್ನು ಆಸ್ಪತ್ರೆಯ ವಾರ್ಡಿಗೆ ಕಳಿಸುತ್ತಿಲ್ಲ ಎಂದು ಕೇಳಿ ಟೈಲರಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ನರ್ಸಿಂಗ್ ಓದುತ್ತಿದ್ದ ಆ ಮಗಳಿಗೆ ಮನೆಯಲ್ಲಿ ಗುಂಡಿ ಎಂದೇ ಹೆಸರು. ಹುಟ್ಟಿದಾಗ ಅಂಗಿಯ ಗುಂಡಿಯಷ್ಟೇ ಇದ್ದಳಂತೆ. ಪರೀಕ್ಷೆಯಲ್ಲಿ ತರಗತಿಗೇ ಮೊದಲು. ಆದರೂ ಜೊತೆಯವರೆಲ್ಲ ರೋಗಿಗಳಿಗೆ ಔಷಧಿ ಕೊಡಲು ಹೊರಟರೆ, ಇವಳು ಮಾತ್ರ ಕಾಲೇಜಿನಲ್ಲೇ ಉಳಿಯಬೇಕಂತೆ.

"ಅಷ್ಟು ಮಾರ್ಕ್ಸ್ ತಗೊಂಡವಳಿಗೆ ಇನ್ನೇನೇ ಬಾಕಿ? ನಾನೇ ಬಂದು ಕೇಳ್ತೀನಿ."

"ಬೇಡಮ್ಮಾ. ನಮಗೆ ಅಭ್ಯಾಸ ಮಾಡಿಸೋ ಆ ಕೊನೇ ಕೋಣೆ ನೋಡಿದ್ರೆ ನಂಗೇ ಹೆದರಿಕೆ ಆಗುತ್ತೆ."

ಟೈಲರಮ್ಮ ಕೇಳುವವಳೇ? ಮಟಮಟ ಮಧ್ಯಾಹ್ನ ಕಾಲೇಜಿಗೆ ಹೋದಳು. ಪಡಸಾಲೆಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಕೊನೆಯ ಬಾಗಿಲು ತಳ್ಳಿದಳು. ಪರದೆ ಎಳೆದ ಕೋಣೆ. ಸಾಲಾಗಿ ಮಂಚಗಳು, ಕುತ್ತಿಗೆಯವರೆಗೆ ಹೊದ್ದು ಮಲಗಿದ ರೋಗಿಗಳು. ಒಬ್ಬರೂ ಕೆಮ್ಮಲಿಲ್ಲ, ಮಗ್ಗುಲು ಬದಲಿಸಲಿಲ್ಲ. ಔಷಧಿಯ ವಾಸನೆಯೂ ಇಲ್ಲ, ಬರೀ ರಬ್ಬರಿನ ವಾಸನೆ. ಹತ್ತಿರ ಹೋದರೆ, ಎಲ್ಲರಿಗೂ ಒಂದೇ ಮುಖ. ಅರೆತೆರೆದ ಕಣ್ಣು. ಕಿಟಕಿ ಪಕ್ಕದ ಒಬ್ಬಳ ಎದೆ ಮಾತ್ರ ಮೆಲ್ಲಗೆ ಏರುತ್ತಿತ್ತು, ಇಳಿಯುತ್ತಿತ್ತು.

"ಹೆದರಬೇಡಿ ಅಕ್ಕಾ, ಗೊಂಬೆಗಳು," ಎಂದು ಹಿಂದಿನಿಂದ ಮಗಳ ಮೇಡಂ ದನಿ ಬಂತು. "ಮಕ್ಕಳು ಕೈ ಪಳಗಿಸಿಕೊಳ್ಳೋದು ಇವುಗಳ ಮೇಲೇ."

"ನನ್ನ ಮಗಳು ಫಸ್ಟ್ ಬಂದಿದ್ದಾಳೆ ಮೇಡಂ. ಅವಳಿಗೆ ಗೊಂಬೆ ಆಟ ಯಾಕೆ?"

"ಇಂಜೆಕ್ಷನ್ ಕೊಡೋದ್ರಲ್ಲಿ ತಪ್ಪಿದ್ದಾಳೆ, ಈಗ ಇನ್ನೊಂದ್ಸಲ ಮಾಡ್ತಾಳೆ. ಮೂಲೇಲಿ ಕೂತು ನೋಡಿ. ಆಮೇಲೆ ಬೇಕಾದ್ರೆ ಜಗಳ ಆಡಿ." ಮೇಡಂ ಗಾಜಿನ ಗೋಡೆಯ ಆಚೆ ಹೋದರು.

ಗುಂಡಿ ಟ್ರೇ ಹಿಡಿದು ಬಂದಳು. ಕೈ ತೊಳೆದಳು. ಅಷ್ಟರಲ್ಲಿ ಕೋಣೆಯ ತುದಿಯಿಂದ ಯಾರೋ ನರಳಿದರು. "ಬೇಗ ಬಾ... ಬೇಗ..." ಗುಂಡಿ ಗಾಬರಿಯಾದಳು. ಆತುರದಲ್ಲಿ ಕಿಟಕಿ ಪಕ್ಕದ ಗೊಂಬೆಯ ತೋಳಿಗೆ ಇಂಜೆಕ್ಷನ್ ಚುಚ್ಚಿಯೇಬಿಟ್ಟಳು.

ಗೊಂಬೆ ಕಣ್ಣು ಮಿಟುಕಿಸಿತು.

"ಮಗಳೇ, ಅದು ನನ್ನ ಔಷಧಿ ಅಲ್ಲ."

ಮುದುಕಿಯ ದನಿ. ಗೊಂಬೆಯ ಉಸಿರು ಸಿಳ್ಳೆಯಂತಾಯಿತು, ತುಟಿ ನೀಲಿಗಟ್ಟಿತು. ಎದೆ ಒಮ್ಮೆ ಏರಿತು. ಮತ್ತೆ ಏರಲಿಲ್ಲ. ಪಕ್ಕದ ಮಂಚದಲ್ಲಿ ಅದೇ ಮುಖದ ಇನ್ನೊಬ್ಬಳು ತನಗೆ ಬರಬೇಕಿದ್ದ ಆ ಔಷಧಿಗಾಗಿ ಸೂರು ನೋಡುತ್ತ ಕಾಯುತ್ತಿದ್ದಳು.

ಮೇಡಂ ಬಂದು ದೀಪ ಹಾಕಿದರು. "ನರಳಿದ್ದೂ ಮಾತಾಡಿದ್ದೂ ನಾನೇ, ಮೈಕಿನಲ್ಲಿ. ಗೊಂಬೆಯ ಕಣ್ಣು, ಉಸಿರು, ತುಟಿಯ ಬಣ್ಣ ಎಲ್ಲ ಗಾಜಿನಾಚೆಯ ಯಂತ್ರದಿಂದ," ಎಂದು ಟೈಲರಮ್ಮನಿಗೆ ಹೇಳಿ, ಗುಂಡಿಯ ಕಡೆ ತಿರುಗಿದರು. "ಏನು ತಪ್ಪಿತಮ್ಮಾ?"

"ಹೆಸರು ಕೇಳಲಿಲ್ಲ. ಹೆಸರು ಬರೆದ ಕೈಪಟ್ಟಿ ನೋಡಲಿಲ್ಲ." ಗುಂಡಿ ಬಿಕ್ಕಿದಳು. "ಪರೀಕ್ಷೇಲಿ ಇದನ್ನೇ ಮೊದಲು ಬರೆದಿದ್ದೆ ಮೇಡಂ."

ಗೊಂಬೆ ಎಂದು ಗೊತ್ತಿದ್ದರೂ ಟೈಲರಮ್ಮನಿಗೆ ಆ ನೀಲಿ ತುಟಿಯಿಂದ ಕಣ್ಣು ಕೀಳಲಾಗಲಿಲ್ಲ.

"ನಿಮ್ಮಂಗಡಿಗೆ ಹೊಲಿಗೆ ಕಲಿಯೋಕೆ ಬಂದವಳಿಗೆ ಗಿರಾಕಿ ಬಟ್ಟೆ ಯಾವಾಗ ಕೊಡ್ತೀರಿ ಅಕ್ಕಾ?" ಎಂದರು ಮೇಡಂ.

"ಹಳೇ ಬಟ್ಟೆ ಮೇಲೆ ಕೈ ಕೂತ ಮೇಲೆ."

"ನಾವೂ ಅಷ್ಟೇ. ಇದಕ್ಕೆ ಸಾಮರ್ಥ್ಯ ಆಧಾರಿತ ಶಿಕ್ಷಣ ಅಂತೀವಿ. ಎಷ್ಟು ಓದಿದಳು ಅನ್ನೋದರ ಜೊತೆಗೆ, ಮಾಡಿ ತೋರಿಸ್ತಾಳಾ ಅಂತ ನೋಡ್ತೀವಿ. ತಪ್ಪಿದರೆ ಎಲ್ಲಿ ತಪ್ಪಿತು ಅಂತ ಹೇಳ್ತೀವಿ, ಮತ್ತೆ ಮಾಡಿಸ್ತೀವಿ. ಬೈಯೋದಿಲ್ಲ, ಹಾಗಂತ ಮುಂದಕ್ಕೆ ತಳ್ಳೋದೂ ಇಲ್ಲ."

ಜಗಳಕ್ಕೆಂದು ಬಂದವಳು ಮಗಳ ಕಣ್ಣೊರೆಸಿ ಮನೆಗೆ ಕರೆದುಕೊಂಡು ಹೋದಳು.

ಮನೆಯಲ್ಲಿ ಗುಂಡಿ ಅಪ್ಪನನ್ನೇ ರೋಗಿ ಮಾಡಿಕೊಂಡಳು. ಹೋಗುತ್ತಾ ಬರುತ್ತಾ, "ನಿಮ್ಮ ಪೂರ್ತಿ ಹೆಸರು ಹೇಳಿ."

"ಹೆತ್ತಪ್ಪನ ಹೆಸರೇ ಮರೆಸಿದ್ರೇನೇ ಕಾಲೇಜಿನಲ್ಲಿ?" ಎಂದು ಲಾರಿ ಓಡಿಸುವ ಆ ಅಪ್ಪ ನಕ್ಕ.

"ನಗಬೇಡಿ. ಹೇಳಿ," ಎಂದಳು ಟೈಲರಮ್ಮ. ಆ ಕೋಣೆಯ ಮಾತು ಹೇಳಿದ ಮೇಲೆ ಅವನೂ ನಗಲಿಲ್ಲ. ಕೇಳಿದಾಗಲೆಲ್ಲ ಹೆಸರು ಹೇಳಿದ.

ಮತ್ತೆ ಪರೀಕ್ಷಿಸುವ ದಿನ ಟೈಲರಮ್ಮ ಅದೇ ಮೂಲೆಯಲ್ಲಿ ಕೂತಳು. ಮತ್ತೆ ಆ ನರಳಾಟ. "ಬೇಗ ಬಾ... ಸಾಯ್ತೀನಿ..." ಗುಂಡಿ ಸಹಾಯಕ್ಕೆ ಜೊತೆಯವಳನ್ನು ಕೂಗಿ ಅತ್ತ ಕಳಿಸಿದಳು. ತಾನು ನಿಂತಲ್ಲೇ ನಿಂತು ಗೊಂಬೆಯ ಹೆಸರು ಕೇಳಿದಳು. ಕೈಪಟ್ಟಿಯೊಂದಿಗೆ ತಾಳೆ ನೋಡಿದಳು. ಔಷಧಿ, ಅಳತೆ ಎರಡನ್ನೂ ನೋಡಿದಳು. "ಯಾವುದಾದ್ರೂ ಔಷಧಿ ನಿಮಗೆ ಒಗ್ಗಲ್ವಾ?" ಎಂದು ಕೇಳಿ, ಆಮೇಲಷ್ಟೇ ಚುಚ್ಚಿದಳು.

ಗೊಂಬೆಯ ಎದೆ ಏರಿತು, ಇಳಿಯಿತು, ಮತ್ತೆ ಏರಿತು.

"ನಾಳೆಯಿಂದ ವಾರ್ಡಿಗೆ ಬಾಮ್ಮಾ," ಎಂದರು ಮೇಡಂ. "ಅಲ್ಲೂ ನಾನು ಪಕ್ಕದಲ್ಲೇ ಇರ್ತೀನಿ."

ಹೊರಡುವ ಮುನ್ನ ಟೈಲರಮ್ಮ ಗೊಂಬೆಯ ಹತ್ತಿರ ಹೋದಳು. ಜಾರಿದ್ದ ಹೊದಿಕೆಯನ್ನು ಕುತ್ತಿಗೆಯವರೆಗೆ ಎಳೆದು ಸರಿಮಾಡಿ, "ಬರ್ತೀನಮ್ಮಾ," ಎಂದಳು. ಯಾಕೆ ಹಾಗೆಂದಳೋ ಅವಳಿಗೇ ತಿಳಿಯಲಿಲ್ಲ.

ನಿಮ್ಮ ಮನೆಯಲ್ಲೂ ನರ್ಸಿಂಗ್ ಓದುವ ಮಗಳೋ ಮಗನೋ ಇದ್ದರೆ, ಮಾರ್ಕ್ಸ್ ಎಷ್ಟು ಬಂತು ಎಂದು ಕೇಳಿದ ಬಾಯಲ್ಲೇ, ಇವತ್ತು ಏನು ಮಾಡಲು ಕಲಿತೆ ಎಂದೂ ಕೇಳಿ. ಮತ್ತೆ ಮಾಡು ಎಂದು ಮೇಡಂ ನಿಲ್ಲಿಸಿಕೊಂಡರೆ ಅವಮಾನವೆಂದು ತಿಳಿಯಬೇಡಿ, ಕಲಿಯುವ ಕೈಗೆ ಸಮಯ ಕೊಡಿ. ಮುಂದೊಂದು ದಿನ ನೀವೇ ಆಸ್ಪತ್ರೆಯ ಮಂಚದ ಮೇಲಿರುವಾಗ ಯಾರೋ ಚಿಕ್ಕ ಹುಡುಗಿ ಬಂದು ನಿಮ್ಮ ಹೆಸರು ಕೇಳಿದರೆ, ಆಗಲೇ ಹೇಳಿದೆನಲ್ಲ ಎಂದು ಸಿಡುಕಬೇಡಿ. ಪೂರ್ತಿ ಹೆಸರು ಹೇಳಿ. ಅವಳು ನಿಮ್ಮ ಪ್ರಾಣ ಕಾಯುತ್ತಿದ್ದಾಳೆ.