ಕೊನೆಯಲ್ಲಿ ಬರುವವನ ಬಾಗಿಲು

"ಈ ಬಾಗಿಲಿಗೆ ದೆವ್ವ ಹಿಡಿದಿದೆ ತಂಗೀ," ಎಂದರು ಹೂವಿನ ಯಜಮಾನರು. "ನಮ್ಮೋರೆಲ್ಲ ಹೂ ಇಡೋ ಕೋಲ್ಡ್ ರೂಮಿಂದ ಹೊರಗೆ ಬಂದಾಗಿರ್ತದೆ. ಇದು ಮಾತ್ರ ಬಾಯಿ ಬಿಟ್ಕೊಂಡು ನಿಂತಿರ್ತದೆ, ಒಳಗಿಂದ ಇನ್ಯಾರೋ ಬರೋರಿದ್ದಾರೆ ಅನ್ನೋ ಹಾಗೆ! ತಂಪೆಲ್ಲ ಹೊರಗೆ ಹೋಗ್ತದೆ. ಹೂ ಜೋಡಿಸೋ ಹೆಂಗಸ್ರು ಒಬ್ಬೊಬ್ಬರೇ ಒಳಗೆ ಹೋಗೋಕೆ ಒಲ್ಲೆ ಅಂತಾರೆ."

"ನಿಮ್ಮ ಗುಲಾಬಿ ಕಾಯೋದು ಬಿಟ್ಟು ದೆವ್ವಕ್ಕೆ ಬೇರೆ ಕೆಲಸ ಇಲ್ವಾ ಯಜಮಾನ್ರೇ?"

ಅವಳು ನಕ್ಕಳು.

ಅಣ್ಣ ಅವಳನ್ನು 'ತಂಗೀ' ಎಂದು ಕರೆದು ಕರೆದು ಗಿರಾಕಿಗಳ ಬಾಯಿಗೂ ಅದೇ ಹತ್ತಿತ್ತು. ವ್ಯಾಪಾರಸ್ಥರ ಸಾಫ್ಟ್‌ವೇರ್ ಕೆಟ್ಟರೆ ಸರಿಪಡಿಸುವುದು, ಕೆಡದಂತೆ ನೋಡಿಕೊಳ್ಳುವುದು ಅಣ್ಣನ ಕೆಲಸ. ಏನು ಮಾಡಿದೆ, ಯಾಕೆ ಮಾಡಿದೆ ಎಂದು ಬರೆದಿಡುವ ಜಾಯಮಾನ ಅವನದಲ್ಲ, ಎಲ್ಲವೂ ತಲೆಯಲ್ಲೇ. ಹೋದ ವರ್ಷ ಆ ತಲೆಯೇ ಮಣ್ಣು ಸೇರಿತು. ಅವನ ಕುರ್ಚಿ, ಅವನ ಗಿರಾಕಿಗಳು ತಂಗಿಯ ಪಾಲಿಗೆ ಬಂದವು. ಆಫೀಸಿನಲ್ಲಿ ಒಬ್ಬಳೇ ಇರುವಾಗ, ಅಣ್ಣ ಬಲಗಾಲು ಎಳೆದುಕೊಂಡು ನಡೆಯುತ್ತಿದ್ದ ಸದ್ದು ಹೊರಗಿನ ಪಡಸಾಲೆಯಲ್ಲಿ ಕೇಳಿದಂತಾಗಿ ಅವಳು ಈಗಲೂ ತಲೆಯೆತ್ತುತ್ತಾಳೆ.

ಬಾಗಿಲು ಎಷ್ಟು ಹೊತ್ತು ತೆರೆದಿರಬೇಕೆಂದು ಹೇಳುವ ಸಾಲನ್ನು ಪ್ರೋಗ್ರಾಮಿನಲ್ಲಿ ಹುಡುಕಿ ಹೊತ್ತು ಕಡಿಮೆ ಮಾಡಿದ್ದಳು. ಆಫೀಸಿನಲ್ಲಿ ಪರೀಕ್ಷಿಸಿದರೆ ಎಲ್ಲ ಸರಿ. ಇಲ್ಲಿ ಬಾಗಿಲು ಕಾಯುತ್ತಲೇ ಇತ್ತು. ಮತ್ತೊಮ್ಮೆ ತಿದ್ದಿದಳು; ಆಗಲೂ ಹಾಗೇ ನಿಂತಿತು.

"ಇವತ್ತೇ ಕೊನೆ. ಆಗ್ಲಿಲ್ಲ ಅಂದ್ರೆ ಬೇರೆಯವರನ್ನ ನೋಡ್ಕೋತೀನಿ, ಬೇಜಾರು ಮಾಡ್ಕೋಬೇಡ," ಎಂದರು ಯಜಮಾನರು. ಇವರು ಬಿಟ್ಟರೆ ಉಳಿದವರೂ ಬಿಡುತ್ತಾರೆ. ಅಣ್ಣನ ಆಫೀಸಿಗೆ ಬೀಗವೇ ಗತಿ.

ಅವಳು ಸ್ಟೂಲು ಹತ್ತಿ ಚೌಕಟ್ಟಿನ ಮೇಲಿದ್ದ ಡಬ್ಬಿಯ ಮುಚ್ಚಳ ತೆಗೆದಳು. ಒಳಗೆ ಹೊತ್ತು ಹೊಂದಿಸುವ ಒಂದು ಪುಟ್ಟ ತಿರುಗಣಿ, ಅದರ ಮೇಲೆ ಕೆಂಪು ಬಣ್ಣದ ಬೊಟ್ಟು. ಕೈಯಾರೆ ಹೊಂದಿಸಿದ್ದಕ್ಕೆಲ್ಲ ಅಣ್ಣ ಇಡುತ್ತಿದ್ದ ಗುರುತು ಅದು. ಪ್ರೋಗ್ರಾಂ ಏನೇ ಹೇಳಲಿ, ಬಾಗಿಲು ಕೇಳುತ್ತಿದ್ದದ್ದು ಈ ತಿರುಗಣಿಯ ಮಾತನ್ನು.

"ಅಯ್ಯೋ, ಅದಾ!" ಎಂದರು ಯಜಮಾನರು. "ಕೊನೇ ಸಲ ಬಂದಾಗ ನಿಮ್ಮಣ್ಣ ತಿರುಗಿಸಿದ್ದು, ನನಗೆ ಮರ್ತೇ ಹೋಗಿತ್ತು. ಮಧ್ಯಾಹ್ನ ಪೂರ್ತಿ ಒಳಗೆ ಬಾಗಿಲು ತೆರೆಯೋ ಗುಂಡಿ ಒತ್ತೋದು, ಕೊನೇ ಕಪಾಟಿಂದ ಇಲ್ಲೀತನಕ ನಡೆಯೋದು. ಅಷ್ಟರಲ್ಲಿ ಬಾಗಿಲು ಮುಚ್ಕೊಂಡ್ರೆ ಅದಕ್ಕೆ ಬೈದು ಮತ್ತೆ ತಿರುಗಿಸೋದು. 'ಕೊನೇಲಿ ಬರೋನಿಗೂ ಬಾಗಿಲು ತೆರೆದಿರಬೇಕು ಯಜಮಾನ್ರೇ' ಅನ್ನೋನು. ಬಾಗಿಲ ಜೊತೆ ಸಂಸಾರ ಹೂಡ್ತೀಯೇನೋ ಅಂತ ಗೇಲಿ ಮಾಡಿದ್ದೆ."

ತಂಗಿ ಸ್ಟೂಲಿನಿಂದ ಇಳಿದು ಒಳಗೆ ಹೋದಳು. ಚಳಿ, ಹೂವಿನ ವಾಸನೆ, ಬಿಳಿ ದೀಪ. ಕೊನೆಯ ಕಪಾಟಿನ ಬಳಿಯ ಗುಂಡಿ ಒತ್ತಿದಳು. ದೂರದಲ್ಲಿ ಬಾಗಿಲು ಸರಿಯಿತು. ಚಿಕ್ಕವಳಿದ್ದಾಗ ಅಣ್ಣನನ್ನು ಅಣಕಿಸಲು ಹೋಗಿ ಅಮ್ಮನಿಂದ ಏಟು ತಿಂದಿದ್ದಳಲ್ಲ, ಅದೇ ನಡಿಗೆಯಲ್ಲಿ ಬಲಗಾಲು ಎಳೆಯುತ್ತ ಹೊರಟಳು. ಸರಕ್... ಸರಕ್... ಇನ್ನೊಂದು ಸದ್ದು ಜೊತೆಗೇ ಬರುತ್ತಿರುವಂತೆ ಅನ್ನಿಸಿತು. ತಿರುಗಿ ನೋಡಲಿಲ್ಲ. ಹೊಸ್ತಿಲು ದಾಟಿದ್ದೇ ತಡ, ಹಿಮ್ಮಡಿಯ ಹಿಂದೆಯೇ ಬಾಗಿಲು ಮೆಲ್ಲಗೆ ಮುಚ್ಚಿಕೊಂಡಿತು.

ಯಜಮಾನರು ಅವಳ ಕಾಲನ್ನೇ ನೋಡುತ್ತಿದ್ದರು.

"ಇದನ್ನ ತಿರುಗಿಸೋಕೆ ನನ್ನ ಕೈಲಾಗಲ್ಲ ಯಜಮಾನ್ರೇ. ಬೇರೆಯವರನ್ನೇ ಕರೆಸಿ."

ಅವರು ಮೂಗು ಒರೆಸಿಕೊಂಡರು. "ಯಾರನ್ನೂ ಕರೆಸೋದು ಬೇಡ. ಬಾಗಿಲಿಗೊಂದು ಪ್ಲಾಸ್ಟಿಕ್ ಪರದೆ ಹಾಕಿಸಿದ್ರೆ ತಂಪು ನಿಲ್ತದೆ. ಮುಂದಿನ ತಿಂಗಳೂ ನೀನೇ ಬಾ."

"ಮತ್ತೆ ಹೆಂಗಸ್ರಿಗೆ ಏನು ಹೇಳ್ತೀರಿ?"

"'ಇವಳಣ್ಣ ಬರ್ತಿದ್ದಾನೆ, ಸ್ವಲ್ಪ ತಾಳ್ರಮ್ಮ' ಅಂತೀನಿ. ಅವನಿಗೆ ಯಾರು ಹೆದರ್ತಿದ್ರು?"

ಪರದೆಗೆ ಅಳತೆ ನೋಡಲೆಂದು ಯಜಮಾನರು ಒಳಗೆ ಹೋದರು. ಗುಂಡಿ ಒತ್ತಿ, ಚಳಿಗೆ ಕೈ ಉಜ್ಜಿಕೊಳ್ಳುತ್ತ ಬಿರಬಿರನೆ ಹೊರಬಂದರು. ಬಾಗಿಲು ತೆರೆದೇ ನಿಂತಿತು. ಹೊಸ್ತಿಲೆದುರು ನಿಂತಿದ್ದ ತಂಗಿ ಸ್ಟೂಲನ್ನು ಎತ್ತಿಕೊಂಡು ಒಂದು ಹೆಜ್ಜೆ ಪಕ್ಕಕ್ಕೆ ಸರಿದು, ಕೊನೆಯಲ್ಲಿ ಬರುವವನಿಗೆ ದಾರಿ ಬಿಟ್ಟಳು.