ಅನಾನಸ್ ಟೀಗೆ ಚೆಂಡು ಹೂವಿನ ಬಣ್ಣ

ಯಾರನ್ನಾದರೂ ಹೊಡೆಯುವ ಮೊದಲು ಕನಕರಾಜು ಕೈಯಲ್ಲಿದ್ದುದನ್ನು ಜೋಪಾನವಾಗಿ ಕೆಳಗಿಡುತ್ತಿದ್ದ. ಅಪ್ಪನ ಹೆಗಲು ಮುರಿದ ದಿನ ಮೊಬೈಲನ್ನು ಕಿಟಕಿಯಲ್ಲಿಟ್ಟಿದ್ದ. ಹೆಂಡತಿ ಅನುವಿನ ಹುಬ್ಬು ಒಡೆದ ದಿನ ಊಟದ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ್ದ. ತಂಗಿ ರಂಜಿನಿಗೆ ಇದು ಗೊತ್ತಿತ್ತು. ಆ ಭಾನುವಾರ ಮಧ್ಯಾಹ್ನ, ಗುಂಡ್ಲುಪೇಟೆ ಆಚೆಯ ಹೊಲದ ಮನೆಯ ಅಡುಗೆಕೋಣೆಯಲ್ಲಿ ಅಣ್ಣನೆದುರು ಕೂತಾಗ ಅವಳ ಕಣ್ಣು ಅವನ ಕೈಯ ಮೇಲೇ ಇತ್ತು.

ಬಿ.ಎಸ್ಸಿ. ಮುಗಿಸಿದ ರಂಜಿನಿ ಬದನಗುಪ್ಪೆಯ ಒಂದು ಟೀ ಕಾರ್ಖಾನೆಯಲ್ಲಿ ರುಚಿ ನೋಡುವ ಕೆಲಸಕ್ಕಿದ್ದಳು. ಚಾಮರಾಜನಗರದಲ್ಲಿ ಬಾಡಿಗೆ ರೂಮು ಮಾಡಿಕೊಂಡಿದ್ದಳು. ರುಚಿ ನೋಡುವ ಹೊತ್ತಿನಲ್ಲಿ ಅಲ್ಲಿ ಯಾರೂ ಮಾತಾಡುವಂತಿರಲಿಲ್ಲ. ಆ ಮೌನಕ್ಕಾಗಿಯೇ ಅವಳು ಆ ಕೆಲಸವನ್ನು ಇಷ್ಟಪಟ್ಟಿದ್ದಳು. ಹಬ್ಬಕ್ಕೂ ಕರೆಯದ ಅಣ್ಣ ಈಗ ತಾನಾಗಿ ಕರೆಸಿಕೊಂಡಿದ್ದ. ಅವನು ಅನಾನಸ್ ಒಣಗಿಸಿ ಹರ್ಬಲ್ ಟೀ ಮಾಡಿದ್ದ. ಬಂಡೀಪುರದ ದಾರಿಯ ಒಂದು ರೆಸಾರ್ಟಿನ ಮ್ಯಾನೇಜರ್ ದಿಲೀಪ್, ‘ನಿಮ್ಮ ತಂಗಿ ಕುಡಿದು ಒಪ್ಪಿದರೆ ನಾಳೆಯಿಂದಲೇ ಬಂದವರಿಗೆ ಕೊಡುತ್ತೇವೆ’ ಎಂದಿದ್ದ. ಅವಳ ಒಂದು ಮಾತು ಸಾಕಿತ್ತು.

ಅನು ಎರಡು ಬಗೆಯ ಟೀಯನ್ನು ಎರಡು ಲೋಟದಲ್ಲಿ ತಂದಿಟ್ಟಳು. ಒಲೆಯ ಮೇಲೆ ಪಾತ್ರೆಯಲ್ಲಿ ಇನ್ನಷ್ಟು ಟೀ ಕುದಿಯುತ್ತಿತ್ತು. ಮೂಲೆಯ ತೊಟ್ಟಿಲಲ್ಲಿ ಮೂರು ತಿಂಗಳ ಕೂಸು ಮಲಗಿತ್ತು.

ರಂಜಿನಿ ಮೊದಲ ಲೋಟ ಮೂಸಿದಳು. ಬರಿಯ ಅನಾನಸ್ಸು, ನಿಂಬೆ ಘಮದ ಮಜ್ಜಿಗೆ ಹುಲ್ಲು. ಚಮಚದಿಂದ ಸೊರ್ ಎಂದು ಎಳೆದು, ಬಾಯಲ್ಲೆಲ್ಲ ಆಡಿಸಿ, ಪಕ್ಕದ ಬೋಸಿ ಪಾತ್ರೆಗೆ ಉಗುಳಿದಳು.

“ಥೂ, ಇದ್ಯಾಕಮ್ಮಿ?” ಕನಕರಾಜು ಮುಖ ಕಿವುಚಿದ. “ನಿನ್ನತ್ತಿಗೆ ಮಾಡಿದ್ದ ಅವಳ ಮುಂದ್ಗಡೇನೇ ಉಗೀತಿಯಲ್ಲ, ಮಾನ ಮರ್ವಾದೆ ಇಲ್ವಾ?”

“ನಮ್ ಕೆಲ್ಸದಲ್ಲಿ ಹಂಗೇ ಅಣ್ಣ. ನುಂಗುದ್ರೆ ಮುಂದಿನ್ದು ಗೊತ್ತಾಗಲ್ಲ.”

“ಓದ್ದೋರು ಕಣಪ್ಪ. ಉಗುಳಕ್ಕೂ ಸಂಬ್ಳ ತಕತರೆ.”

ಅನು ಸೆರಗಿನ ಮರೆಯಲ್ಲಿ ನಕ್ಕಳು. ಗಂಡ ತಿರುಗಿದೊಡನೆ ನಿಲ್ಲಿಸಿದಳು.

“ಇದು ಚೆನ್ನಾಗದೆ,” ಎಂದಳು ರಂಜಿನಿ. ಸುಳ್ಳಲ್ಲ. ಹುಳಿ ಹದವಾಗಿತ್ತು, ಕೊನೆಗೆ ಹುಲ್ಲಿನ ತಂಪು ಉಳಿಯುತ್ತಿತ್ತು.

“ಅದ ಬುಡು, ಅದು ನೀರ್ ಬಣ್ಣ. ಇದ ನೋಡು.” ಅವನು ಎರಡನೆಯದನ್ನು ಮುಂದೆ ತಳ್ಳಿದ. ಲೋಟದೊಳಗೆ ಸಂಜೆ ಬಿಸಿಲಿನಂಥ ಹಳದಿ. “ಅವ್ರು ಫೋಟೋ ನೋಡೇ ಬಿದ್ದೋದ್ರು ಕಣಮ್ಮಿ.”

ರಂಜಿನಿ ಚಮಚ ಎಳೆದಳು. ಮೊದಲು ಸಿಹಿ. ಆಮೇಲೆ ನಾಲಿಗೆಯ ಅಂಚು ಸಣ್ಣಗೆ ಜೋಮು ಹಿಡಿಯಿತು. ಗಂಟಲ ಹಿಂದೆ ಒಂದು ವಾಸನೆ ಎದ್ದಿತು. ಬೆಳೆಗೆ ಔಷಧಿ ಹೊಡೆಯುವ ಕ್ಯಾನನ್ನು ಬೆನ್ನಿಂದ ಇಳಿಸಿ ಅಪ್ಪ ಅಂಗಿ ಬಿಚ್ಚುವಾಗ ಬರುತ್ತಿದ್ದ ವಾಸನೆ. ಅವಳು ಉಗುಳಿ, ನೀರು ಮುಕ್ಕಳಿಸಿ, ಮತ್ತೆ ಉಗುಳಿದಳು.

“ಬಣ್ಣಕ್ಕೆ ಏನ್ ಹಾಕಿದ್ದೀಯಣ್ಣ?”

“ನಮ್ ಚೆಂಡು ಹೂವೇ.”

“ಫ್ಯಾಕ್ಟ್ರಿಗೆ ಕೊಡೋ ಹೂವಾ? ಔಷ್ದಿ ಯಾವಾಗ ಹೊಡ್ದಿದ್ದು?”

“ಕೊಯ್ಯೋ ಮುಂಚೆ. ಹುಳ ಬಿದ್ದಿತ್ತಲ್ಲ. ತೊಳ್ದಿವ್ನಿ ಬುಡು.”

ಆ ಸೀಮೆಯಲ್ಲಿ ಚೆಂಡು ಹೂವನ್ನು ಯಾರೂ ಬಾಯಿಗಿಡುವುದಿಲ್ಲ. ಅದು ಬಣ್ಣದ ಕಾರ್ಖಾನೆಗೆ ಮೂಟೆಯಲ್ಲಿ ಹೋಗುವ ಹೂವು. ಹಾಗಾಗಿ ಯಾವ ಔಷಧಿ, ಎಷ್ಟು, ಯಾವಾಗ ಹೊಡೆದದ್ದು ಎಂದು ಯಾರೂ ಕೇಳುತ್ತಿರಲಿಲ್ಲ. ತಿನ್ನುವ ಬೆಳೆಯಾದರೆ ಔಷಧಿ ಹೊಡೆದ ಮೇಲೆ ಇಷ್ಟು ದಿನ ಎಂದು ಕಾದು ಕೊಯ್ಯುತ್ತಾರೆ, ಈ ಹೂವಿಗೆ ಹಾಗೆ ಕಾಯುವವರಿಲ್ಲ. ಕನಕರಾಜು ಅದನ್ನೇ ಕಿತ್ತು, ಒಣಗಿಸಿ, ಟೀಗೆ ಸುರಿದಿದ್ದ. ಕೆಟ್ಟ ಉದ್ದೇಶವೇನೂ ಇರಲಿಲ್ಲ. ಅವನ ಕಣ್ಣಿಗೆ ಅದು ಬರೀ ಬಣ್ಣವಾಗಿತ್ತು.

“ಇದ ಯಾರ್ಗೂ ಕೊಡ್ಬ್ಯಾಡಣ್ಣ. ಮೊದಲ್ನೇದ ಕೊಡು. ಅದ್ಕೆ ನಾನೇ ಹೇಳ್ತೀನಿ.”

“ಅವ್ರು ಕೇಳಿರದು ಇದ ಕಣಮ್ಮಿ!”

ರಂಜಿನಿ ಆ ಲೋಟವನ್ನು ದೂರ ಸರಿಸಿದಳು. ಅವನು ಕೈಯಲ್ಲಿದ್ದ ಬೀಡಿಯನ್ನು ಒಲೆಕಟ್ಟೆಯ ಕಲ್ಲಿನ ಮೇಲೆ ಇಟ್ಟ.

ಮೊದಲ ಏಟು ಕಿವಿಗೆ ಬಿತ್ತು. ಎರಡನೆಯದಕ್ಕೆ ತುಟಿ ಹಲ್ಲಿಗೆ ಸಿಕ್ಕಿ ಸೀಳಿತು. ಅವನು ಜಡೆ ಹಿಡಿದು ತಲೆಯನ್ನು ಗೋಡೆಗೆ ಬಡಿದ. “ನಾನು ಒಂದ ಮಾಡ್ಕಂಡ್ರೆ ನಿಮ್ಗೆ ಕಣ್ ಉರಿ! ಇಸ ಅಂತೀಯಾ? ಇಸ?” ಅವನು ಲೋಟವನ್ನೆತ್ತಿ ಗಟಗಟನೆ ಕುಡಿದ. ಮೀಸೆ ಒರೆಸಿಕೊಂಡ. “ನೋಡು. ಬದ್ಕಿವ್ನಿ. ನೋಡು!”

ನಿಜ, ಅವನಿಗೇನೂ ಆಗಲಿಲ್ಲ. ಅವನು ಕಾಲು ಚಾಚಿ ಕೂತು ಏದುಸಿರು ಬಿಡುತ್ತಿದ್ದ, ಅಷ್ಟೇ. ರಂಜಿನಿಯ ಬಳಿ ತನ್ನ ನಾಲಿಗೆಯ ಹೊರತು ಬೇರೆ ಸಾಕ್ಷಿ ಇರಲಿಲ್ಲ. ಅದರ ಮೇಲೆ ಈಗ ರಕ್ತದ ರುಚಿ ಮಾತ್ರವಿತ್ತು. ಒಂದು ಗಳಿಗೆ ಅವಳಿಗೇ ಅನುಮಾನ ಬಂತು. ಹೂಂ ಅಂದು ಬಿಟ್ಟರೆ ಸಂಜೆ ಬಸ್ಸಿಗೆ ರೂಮು ಸೇರಬಹುದು. ಆದರೆ ನಾಳೆ ಆ ರೆಸಾರ್ಟಿನಲ್ಲಿ ಯಾರೋ ಒಬ್ಬಳು ತನ್ನ ಮಗುವಿಗೆ ಇದನ್ನು ಚಮಚದಲ್ಲಿ ಕುಡಿಸುವಳು, ಬಣ್ಣ ತೋರಿಸಿ ನಗಿಸುವಳು.

ಕನಕರಾಜು ಫೋನ್ ಮಾಡಿ ಸ್ಪೀಕರ್ ಹಾಕಿ ಅವಳ ಮುಖಕ್ಕೆ ಹಿಡಿದ. ಇನ್ನೊಂದು ಕೈ ಅವಳ ಕತ್ತಿನ ಹಿಂದೆ ಬಿಗಿಯಿತು.

“ಹೇಳಿ ಮೇಡಂ,” ಎಂದ ದಿಲೀಪ್. “ಹೇಗಿದೆ ಟೀ?”

ಕನಕರಾಜುವಿನ ಬೆರಳುಗಳು ಅವಳ ಕತ್ತಿನೊಳಗೆ ಇಳಿದವು.

“ಮೇಡಂ, ಕೇಳಿಸ್ತಿದೆಯಾ?”

“ಕೊಡ್ಬೇಡಿ ಸಾರ್,” ಎಂದಳು. ಸೀಳಿದ ತುಟಿಯಿಂದ ಮಾತು ತೊದಲಾಗಿ ಬಂತು. “ಹೂವಿಗೆ ಔಷಧಿ ಹೊಡೆದಿದೆ. ಯಾರಿಗೂ ಕೊಡ್ಬೇಡಿ.”

ಅವನು ಅವಳನ್ನು ನೆಲಕ್ಕೆ ಒಗೆದು ಪಕ್ಕೆಗೆ ಒದ್ದ. ಫೋನ್ ಜಾರಿ ಒಲೆಯ ಬಳಿ ಬಿತ್ತು. “ಏನಾಗ್ತಿದೆ ಅಲ್ಲಿ? ಹಲೋ?” ಎನ್ನುತ್ತಿತ್ತು. “ಅವ್ಳಿಗೆ ತಲೆ ಕೆಟ್ಟದೆ ಸಾರ್!” ಎಂದು ಕೂಗಿದ ಕನಕರಾಜು.

ಆಗ ಅನು ಬಗ್ಗಿದಳು. ಮದುವೆಯಾದ ಮೇಲೆ ಆ ಮನೆಯಲ್ಲಿ ಯಾರೂ ಕೇಳದೆ ಒಂದು ಮಾತೂ ಆಡದಿದ್ದ ಅನು, ಫೋನಿನ ಹತ್ತಿರಕ್ಕೆ ಬಾಯಿ ತಂದು, “ನಂಗೂ ನಾಲ್ಗೆ ಜೋಮು ಹಿಡಿತಿತ್ತು ಸಾರ್,” ಎಂದಳು. “ನಾನೂ ಕುಡ್ದು ಕುಡ್ದು ನೋಡಿವ್ನಿ. ಹೆದ್ರಿ ಹೇಳ್ಲಿಲ್ಲ.”

ಕನಕರಾಜು ಹೆಂಡತಿಯನ್ನು ನೋಡಿದ. ಅನಾನಸ್ ಕೊಯ್ಯುವ ಮಚ್ಚು ಗೋಡೆಗೆ ಒರಗಿತ್ತು. ಅವನು ಅದಕ್ಕೆ ಕೈ ಹಾಕಿದ್ದನ್ನು ನೋಡಿ ರಂಜಿನಿ ಎದ್ದಳು. ಇಕ್ಕಳ ಹುಡುಕಲಿಲ್ಲ. ಒಲೆಯ ಮೇಲಿನ ಪಾತ್ರೆಯನ್ನು ಬರಿಗೈಯಲ್ಲೇ ಎತ್ತಿ, ಕುದಿಯುವ ಹಳದಿ ನೀರನ್ನು ಅವನ ತೋಳಿನ ಮೇಲೆ ಸುರಿದಳು.

ಅವನು ಕಿರುಚಿದ ದನಿಗೆ ಕೂಸು ಎದ್ದು ಅಳತೊಡಗಿತು. ಮಚ್ಚು ಕಳಚಿ ಬಿತ್ತು. ರಂಜಿನಿ ಅದನ್ನು ಕಾಲಿನಿಂದ ಬಾಗಿಲಾಚೆ ತಳ್ಳಿದಳು. ಅವಳ ಅಂಗೈ ಚರ್ಮ ಪಾತ್ರೆಗೆ ಅಂಟಿಕೊಂಡು ಬಂದಿತ್ತು. ಕನಕರಾಜು ನೆಲದ ಮೇಲೆ ಮುದುಡಿಕೊಂಡು, “ನೀರು, ಅನು, ನೀರು ತಕಬಾ,” ಎಂದು ಕೂಗುತ್ತಿದ್ದ.

ಅನು ಕೂಸನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಾಗಿಲವರೆಗೆ ಬಂದಿದ್ದಳು. ನಿಂತಳು. ಬಾಗಿಲಾಚೆ ನಿಂತಿದ್ದ ರಂಜಿನಿ ಅವಳನ್ನು ಎಳೆಯಲಿಲ್ಲ, ಕರೆಯಲೂ ಇಲ್ಲ.

ಅನು ಹಿಂದಕ್ಕೆ ಹೋದಳು. ಬಕೆಟ್ಟಿಗೆ ತಣ್ಣೀರು ತುಂಬಿ ತಂದು ಗಂಡನ ಪಕ್ಕದಲ್ಲಿಟ್ಟಳು. ಅವನ ತೋಳನ್ನು ಹಿಡಿದು ನೀರಿಗೆ ಅದ್ದಲಿಲ್ಲ. ಬಕೆಟ್ಟನ್ನು ಇನ್ನೊಂದು ಗೇಣು ಅವನ ಹತ್ತಿರಕ್ಕೆ ಸರಿಸಿ, ಹೊರಗೆ ಬಂದು, “ನಡಿ ಕಣಮ್ಮಿ, ಬಸ್ ಬರೋ ಹೊತ್ತಾಯ್ತು, ಓಗನ,” ಎಂದಳು.